ಹುಳುವಿನ ಗಂಟು ಅಂದುಕೊಂಡಿದ್ದು: ಜಗಳೂರು ಕಡೆಯ ಒಂದು ಮಗುವಿನ ಪ್ರಕರಣ

ಬಲಗೈಯಲ್ಲಿದ್ದ ಬಿಸ್ಕತ್ತು ಎರಡು ಸಲ ಜಾರಿ ಬಿತ್ತು. ಮೂರನೇ ಸಲ ಮಗು ಅದನ್ನು ಎಡಗೈಯಲ್ಲಿ ಎತ್ತಿಕೊಂಡಿತು. ಇದನ್ನು ಗಮನಿಸಿದ್ದು ತಾಯಿ. ಹಿಂದಿನ ರಾತ್ರಿಯಿಂದ ಮಗುವಿಗೆ ತಲೆನೋವು, ಎರಡು ಸಲ ವಾಂತಿ. ಜ್ವರ ಇರಲಿಲ್ಲ. ಬೆಳಿಗ್ಗೆ ಎಬ್ಬಿಸಿದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಿತ್ತು. ಪಿತ್ತ ಆಗಿರಬೇಕು, ನಿಂಬೆಹಣ್ಣಿನ ಪಾನಕ ಕೊಡು ಅಂತ ಅಕ್ಕಪಕ್ಕದವರು ಹೇಳಿದರಂತೆ. ‘ಪಿತ್ತ ಆದ್ರೆ ಕೈ ಯಾಕೆ ಸೋಲ್ತದೆ?’ ಅಂತ ಆಕೆ ಕೇಳಿದಳು. ಯಾರೂ ಉತ್ತರ ಹೇಳಲಿಲ್ಲ. ಮಗುವನ್ನು ಎತ್ತಿಕೊಂಡು ದಾವಣಗೆರೆ ಬಸ್ಸು ಹತ್ತಿದಳು.

ನಾನು ದಾವಣಗೆರೆಯಲ್ಲಿ ಮಕ್ಕಳ ವೈದ್ಯೆ. ಈ ಮಗು ನನಗೆ ಹೊಸದಲ್ಲ, ನಾಲ್ಕು ತಿಂಗಳ ಹಿಂದೆಯೂ ನನ್ನ ಹತ್ತಿರ ಬಂದಿತ್ತು. ಆಗ ನಾನು ಒಂದು ಮಾತು ಒಪ್ಪಿಕೊಂಡಿದ್ದೆ. ಒಪ್ಪಿಕೊಳ್ಳಬಾರದಿತ್ತು. ಅದಕ್ಕೇ ಈ ಪ್ರಕರಣವನ್ನು ಪೂರ್ತಿ ಬರೆಯುತ್ತಿದ್ದೇನೆ. ತಂದೆತಾಯಿಯ ಒಪ್ಪಿಗೆ ಇದೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ.

ಮೊದಲ ಸಲ ಏನಾಗಿತ್ತು

ಅದು ಜೂನ್ ತಿಂಗಳು. ಮಗುವಿಗೆ ಮೂರು ವರ್ಷ ನಾಲ್ಕು ತಿಂಗಳು. ಊಟ ಮಾಡುವಾಗ ಬಲಗೈ ತಾನಾಗಿ ಕುಣಿಯಲು ಶುರುವಾಯಿತು. ಬಾಯಿಯ ಬಲ ತುದಿಯೂ ಎಳೆಯುತ್ತಿತ್ತು. ಎರಡು ನಿಮಿಷ ಇರಬಹುದು. ಮಗುವಿಗೆ ಪ್ರಜ್ಞೆ ತಪ್ಪಿರಲಿಲ್ಲ, ಹೆದರಿ ಅಜ್ಜಿಯ ಕಡೆ ನೋಡುತ್ತಿತ್ತು. ಅಜ್ಜಿ ಕೈಗೆ ಬೀಗದ ಕೀಲಿ ಕೊಟ್ಟರು, ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಫಿಟ್ಸ್ ನಿಂತ ಮೇಲೂ ಒಂದು ಗಂಟೆ ಕೈ ಜೋತು ಬಿದ್ದಿತ್ತು.

ಒಂದು ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಮಾಡಿದರು. ಮೆದುಳಿನ ಎಡಭಾಗದಲ್ಲಿ, ಹಣೆಯ ಹಿಂದಿನ ಭಾಗದ ಕೊನೆಗೆ, ಸುಮಾರು 1 ಸೆಂ.ಮೀ. ಅಗಲದ ಬಿಳಿ ಚುಕ್ಕೆ. ಅದರೊಳಗೆ ಸ್ವಲ್ಪ ಸುಣ್ಣ ಕಟ್ಟಿದಂತಿತ್ತು. ರಿಪೋರ್ಟಿನಲ್ಲಿ ‘ಗ್ರ್ಯಾನ್ಯುಲೋಮ’ ಎಂದಿತ್ತು, ಇಲ್ಲಿ ಅದರ ಅರ್ಥ ಹಂದಿ ಲಾಡಿಹುಳುವಿನ ಮರಿ ಮೆದುಳು ಸೇರಿ ಸತ್ತು ಉಳಿಸಿದ ಗಂಟು. ಹುಳದ ಮಾತ್ರೆ ಅಲ್ಬೆಂಡಜೋಲ್, ಫಿಟ್ಸ್‌ಗೆ ಒಂದು ಸಿರಪ್ ಬರೆದು ಕಳಿಸಿದ್ದರು.

ಈ ತಪ್ಪು ಎಷ್ಟು ಸುಲಭ ಅನ್ನುವುದನ್ನೂ ಹೇಳಬೇಕು. ನಮ್ಮ ದೇಶದಲ್ಲಿ ಚಿಕ್ಕ ಮಗುವಿಗೆ ಜ್ವರ ಇಲ್ಲದೆ, ಒಂದೇ ಕಡೆಯ ಫಿಟ್ಸ್ ಬಂದು, ಸ್ಕ್ಯಾನಿನಲ್ಲಿ ಒಂದೇ ಒಂದು ಸಣ್ಣ ಚುಕ್ಕೆ ಕಂಡರೆ, ಹೆಚ್ಚಿನ ಸಲ ಅದು ಹುಳುವಿನ ಗಂಟೇ ಆಗಿರುತ್ತದೆ. ಇಲ್ಲವಾದರೆ ಕ್ಷಯದ ಗಂಟು. ‘ನಮ್ಮನೇಲಿ ಮೊಟ್ಟೆ ಸಹ ತರಲ್ಲ, ಹಂದಿ ಹುಳ ಹೆಂಗ್ ಬಂತು?’ ಎಂದು ಅಜ್ಜಿ ಕೇಳಿದ್ದರು. ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಸರಿಯಾಗಿಯೇ ಇತ್ತು. ಲಾಡಿಹುಳು ಹೊತ್ತ ಮನುಷ್ಯರ ಮಲದಿಂದ ಮೊಟ್ಟೆಗಳು ನೀರಿಗೆ, ಹಸಿ ತರಕಾರಿಗೆ ಸೇರುತ್ತವೆ. ಹಾಗಾಗಿ ಸಸ್ಯಾಹಾರಿಗಳಿಗೂ ಈ ರೋಗ ಬರುತ್ತದೆ. ಉತ್ತರ ಸರಿ, ಆದರೆ ಅದು ಈ ಮಗುವಿನ ರೋಗ ಆಗಿರಲಿಲ್ಲ.

ಆ ಫಿಲಂ ಅನ್ನು ಈಗ ಬೆಳಕಿಗೆ ಹಿಡಿದರೆ ನನಗೆ ಮೊದಲು ಕಾಣುವುದು ಅಲ್ಲಿ ಏನಿಲ್ಲ ಅನ್ನುವುದು. ಹುಳು ಸಾಯುತ್ತಿರುವಾಗ ಸುತ್ತಲಿನ ಮೆದುಳು ಸಾಮಾನ್ಯವಾಗಿ ಊದಿಕೊಳ್ಳುತ್ತದೆ. ಫಿಟ್ಸ್ ಬರುವುದೂ ಹೆಚ್ಚಾಗಿ ಆ ಊತದ ಹೊತ್ತಿನಲ್ಲೇ. ಇಲ್ಲಿ ಊತವೇ ಇರಲಿಲ್ಲ. ಪೂರ್ತಿ ಸುಣ್ಣಗಟ್ಟಿದ ಹಳೇ ಗಂಟು ಅನ್ನೋಣ ಅಂದರೆ, ಅಷ್ಟು ಗಟ್ಟಿ ಬಿಳುಪೂ ಇರಲಿಲ್ಲ, ಮಸುಕು ಮಸುಕಾಗಿತ್ತು. ಹಾಗೆ ಗಟ್ಟಿಯಾದ ಗಂಟಿಗೆ ಹುಳದ ಮಾತ್ರೆಯ ಅಗತ್ಯವೂ ಇಲ್ಲ. ರಿಪೋರ್ಟಿಗೂ ಔಷಧಿಗೂ ತಾಳೆ ಆಗುತ್ತಿರಲಿಲ್ಲ. ನಾನು ರಿಪೋರ್ಟ್ ಓದಿದೆ, ಫಿಲಂ ಮೇಲೆ ಕಣ್ಣಾಡಿಸಿದೆ, ಸರಿ ಅಂದೆ. ‘ಮೂರು ತಿಂಗಳಿಗೆ ಮತ್ತೆ ಸ್ಕ್ಯಾನ್’ ಎಂದು ಚೀಟಿಯಲ್ಲಿ ಬರೆದೆ.

ಮೂರು ತಿಂಗಳಿಗೆ ಅವರು ಬರಲಿಲ್ಲ. ಫಿಟ್ಸ್ ನಿಂತಿತ್ತು, ಮೆಕ್ಕೆಜೋಳ ಮುರಿಯುವ ಹೊತ್ತು ಹತ್ತಿರ ಬಂದಿತ್ತು. ನಾಲ್ಕು ಎಕರೆ ಬಿತ್ತಿದ ಮನೆಯವರು ಚೆನ್ನಾಗಿ ಆಡುತ್ತಿರುವ ಮಗುವಿಗೆ ಸ್ಕ್ಯಾನ್ ಮಾಡಿಸಲು ಕೆಲಸ ಬಿಟ್ಟು ಬರುವುದು ಕಷ್ಟ ಅಲ್ವಾ? ಅವರನ್ನು ನಾನು ದೂರಲಾರೆ. ಫೋನ್ ನಂಬರ್ ನನ್ನ ಫೈಲಿನಲ್ಲೇ ಇತ್ತು. ನಾನೂ ಫೋನ್ ಮಾಡಲಿಲ್ಲ.

ರಕ್ತ

ಅಕ್ಟೋಬರ್‌ನ ಆ ದಿನ ಮಾಡಿಸಿದ ಸಿಟಿಯಲ್ಲಿ ಅದೇ ಜಾಗದಲ್ಲಿ ಎರಡೂವರೆ ಸೆಂ.ಮೀ. ಅಗಲದ ರಕ್ತ. ಮಗುವನ್ನು ಐಸಿಯುಗೆ ಹಾಕಿದೆವು. ತಲೆ ಸ್ವಲ್ಪ ಎತ್ತರಿಸಿ ಮಲಗಿಸಿದೆವು. ಫಿಟ್ಸ್‌ಗೆ ಲೆವೆಟಿರಾಸಿಟಮ್ ಕೊಟ್ಟೆವು. ಗಂಟೆಗೊಮ್ಮೆ ಪ್ರಜ್ಞೆ, ಕಣ್ಣಿನ ಪಾಪೆ, ಕೈಕಾಲಿನ ಬಲ ನೋಡುತ್ತಿದ್ದೆವು.

ಮಗುವಿನ ಮೆದುಳಿನಲ್ಲಿ ರಕ್ತ ಕಂಡರೆ ಕೇಳಬೇಕಾದ ಪ್ರಶ್ನೆಗಳು ಬಹಳ. ಬಿದ್ದು ಪೆಟ್ಟಾಯಿತೇ? ಯಾರಾದರೂ ಹೊಡೆದರೇ? ಕೇಳಲು ಮನಸ್ಸು ಬಾರದಿದ್ದರೂ ಕೇಳಲೇಬೇಕು. ಕಣ್ಣಿನ ಹಿಂಪರದೆ ಪರೀಕ್ಷೆ ಮಾಡಿಸಿದೆವು, ಅಲ್ಲಿ ರಕ್ತ ಇರಲಿಲ್ಲ. ಪ್ಲೇಟ್‌ಲೆಟ್ ಸಾಕಷ್ಟಿತ್ತು. ರಕ್ತ ಹೆಪ್ಪುಗಟ್ಟುವ ಪರೀಕ್ಷೆಗಳೂ ಸರಿಯಿದ್ದವು. ಹೃದಯದಲ್ಲಿ ಬೇರೆ ಸದ್ದಿಲ್ಲ. ಹಾಗಾದರೆ ತೊಂದರೆ ಆ ಜಾಗದ ರಕ್ತನಾಳದಲ್ಲೇ ಇರಬೇಕು, ಇಲ್ಲವೇ ಗಡ್ಡೆಯೊಂದು ಒಡೆದಿರಬೇಕು. ಆಗ ನಾನು ಜೂನ್‌ನ ಫಿಲಂ ತೆಗೆಸಿ ಹೊಸದರ ಪಕ್ಕದಲ್ಲಿಟ್ಟೆ. ಚುಕ್ಕೆ ಇದ್ದಲ್ಲೇ ರಕ್ತ. ಹುಳುವಿನ ಗಂಟು ಸಾಮಾನ್ಯವಾಗಿ ಹೀಗೆ ರಕ್ತ ಕಾರುವುದಿಲ್ಲ.

ಮಾರನೆಯ ದಿನ ಎಂಆರ್‌ಐ. ಇಷ್ಟು ಚಿಕ್ಕ ಮಗು ಆ ಗಡಗಡ ಸದ್ದಿನ ಕೊಳವೆಯಲ್ಲಿ ಅರ್ಧ ಗಂಟೆ ಸುಮ್ನೆ ಮಲಗುವುದಿಲ್ಲ. ಮತ್ತು ಬರುವ ಔಷಧಿ ಕೊಟ್ಟು ಮಲಗಿಸಬೇಕು. ಅದಕ್ಕೆ ಆರು ಗಂಟೆ ಮೊದಲಿನಿಂದ ಊಟ ಇಲ್ಲ, ಎರಡು ಗಂಟೆ ಮೊದಲಿನಿಂದ ನೀರೂ ಇಲ್ಲ. ಈ ಸಲ ನಾನೇ ರೇಡಿಯಾಲಜಿ ಕೋಣೆಗೆ ಹೋಗಿ ಎರಡು ಮಾತು ಹೇಳಿದೆ. ಒಂದು, ಎಸ್‌ಡಬ್ಲ್ಯುಐ ಅನ್ನುವ ಸರಣಿ ಬಿಡಬೇಡಿ. ಎರಡು, ಕಾಂಟ್ರಾಸ್ಟ್ ಕೊಟ್ಟು ಸುತ್ತಲಿನ ರಕ್ತನಾಳಗಳನ್ನೂ ತೋರಿಸಿ.

ಎಸ್‌ಡಬ್ಲ್ಯುಐ ಯಾಕೆ? ಹಳೆಯ ರಕ್ತ ಒಡೆದಾಗ ಅದರಲ್ಲಿನ ಕಬ್ಬಿಣ ಅಲ್ಲೇ ಉಳಿಯುತ್ತದೆ. ಎಂಆರ್‌ಐ ಯಂತ್ರ ಅಂದರೆ ದೊಡ್ಡ ಅಯಸ್ಕಾಂತ. ಆ ಕಬ್ಬಿಣ ಅದರ ಸುತ್ತಲಿನ ಕಾಂತಕ್ಷೇತ್ರವನ್ನು ಕದಡುತ್ತದೆ, ಅಷ್ಟು ಜಾಗ ಚಿತ್ರದಲ್ಲಿ ಕಪ್ಪಾಗುತ್ತದೆ. ಬೇರೆ ಸರಣಿಗಳಲ್ಲಿ ಕಾಣದ ಸಣ್ಣ ಕಲೆಯೂ ಇದರಲ್ಲಿ ಎದ್ದು ಕಾಣುತ್ತದೆ.

ಚಿತ್ರ ಬಂತು. ನಡುವೆ ಬಿಳಿ ಬೂದು ಬೆರೆತ ಸಣ್ಣ ಸಣ್ಣ ಉಬ್ಬುಗಳು, ಅರಳಿದ ಜೋಳದ ಹಾಗೆ. ಸುತ್ತ ದಪ್ಪ ಕಪ್ಪು ಅಂಚು. ರೇಡಿಯಾಲಜಿಸ್ಟ್‌ಗಳು ಇದನ್ನು ಪಾಪ್‌ಕಾರ್ನ್ ಅಂತಲೇ ಕರೆಯುತ್ತಾರೆ. ಇದು ಕ್ಯಾವರ್ನೋಮ.

ಕ್ಯಾವರ್ನೋಮ ಅಂದರೆ

ತೆಳು ಗೋಡೆಯ, ಅಗಲವಾದ ಸಣ್ಣ ರಕ್ತನಾಳಗಳು ಒಂದಕ್ಕೊಂದು ಅಂಟಿಕೊಂಡು ಆದ ಗೊಂಚಲು. ಅವುಗಳ ನಡುವೆ ಮೆದುಳಿನ ಅಂಶವೇ ಇರುವುದಿಲ್ಲ. ನೋಡಲು ಹಿಪ್ಪುನೇರಳೆ ಹಣ್ಣಿನಂತೆ. ಒಳಗೆ ರಕ್ತ ರಭಸವಾಗಿ ಹರಿಯುವುದಿಲ್ಲ, ನಿಂತ ನೀರಿನ ಹಾಗೆ ಇರುತ್ತದೆ. ಹಾಗಾಗಿ ರಕ್ತನಾಳಕ್ಕೆ ಬಣ್ಣ ಬಿಟ್ಟು ತೆಗೆಯುವ ಆಂಜಿಯೋಗ್ರಾಮ್‌ನಲ್ಲಿ ಇದು ಕಾಣುವುದೇ ಇಲ್ಲ. ಎವಿಎಂ ಅನ್ನುವ ಇನ್ನೊಂದು ಬಗೆಯ ರಕ್ತನಾಳದ ದೋಷದಲ್ಲಿ ಅಪಧಮನಿಯ ರಕ್ತ ನೇರವಾಗಿ ಅಭಿಧಮನಿಗೆ ನುಗ್ಗುತ್ತದೆ. ಅದರ ಚಿಕಿತ್ಸೆಯ ದಾರಿಯೇ ಬೇರೆ. ಈ ಮಗುವಿನಲ್ಲಿ ಅಂಥ ರಭಸದ ಗುರುತು ಇರಲಿಲ್ಲ.

ಕ್ಯಾವರ್ನೋಮ ಇರುವವರು ಸಾವಿರಕ್ಕೆ ಸುಮಾರು ಐದು ಜನ. ಅವರಲ್ಲಿ ಅನೇಕರಿಗೆ ಜೀವನಪೂರ್ತಿ ಗೊತ್ತಾಗುವುದೇ ಇಲ್ಲ. ಇಷ್ಟು ಚಿಕ್ಕ ವಯಸ್ಸಿನಲ್ಲಿ ರಕ್ತ ಕಾರಿ ಬರುವುದು ಅಪರೂಪ.

ಇನ್ನೊಂದು ವಿಷಯ ನನಗೆ ಸಮಾಧಾನ ಕೊಟ್ಟಿತು. ಗೊಂಚಲಿನ ಪಕ್ಕದಲ್ಲಿ ಸಣ್ಣ ಅಭಿಧಮನಿಗಳು ಛತ್ರಿಯ ಕಡ್ಡಿಗಳಂತೆ ಬಂದು ಒಂದು ದೊಡ್ಡ ನಾಳಕ್ಕೆ ಸೇರುತ್ತಿದ್ದವು. ಇದು ಹುಟ್ಟಿನಿಂದ ಬಂದ ಬೇರೆ ರೀತಿಯ ಜೋಡಣೆ, ರೋಗವಲ್ಲ. ಕ್ಯಾವರ್ನೋಮ ವಂಶದಲ್ಲಿ ಹರಿದು ಬಂದಿದ್ದರೆ ಸಾಮಾನ್ಯವಾಗಿ ಮೆದುಳಿನ ತುಂಬ ಹಲವು ಕಪ್ಪು ಚುಕ್ಕೆಗಳು ಇರುತ್ತವೆ. ಅಂಥ ಮನೆತನಗಳಲ್ಲಿ ಕೆಆರ್‌ಐಟಿ1, ಸಿಸಿಎಂ2, ಪಿಡಿಸಿಡಿ10 ಎಂಬ ಮೂರು ಜೀನ್‌ಗಳಲ್ಲೊಂದು ಕೆಟ್ಟಿರುತ್ತದೆ. ಒಂದೇ ಗೊಂಚಲು, ಪಕ್ಕದಲ್ಲಿ ಇಂಥ ಛತ್ರಿ, ಮನೆಯಲ್ಲಿ ಬೇರೆ ಯಾರಿಗೂ ಫಿಟ್ಸ್ ಇಲ್ಲ ಅಂದರೆ, ವಂಶದ್ದಲ್ಲ ಅನ್ನುವ ಕಡೆಗೇ ವಾಲುತ್ತದೆ. ಒಂದು ವರ್ಷದ ತಮ್ಮನಿಗೂ ಸ್ಕ್ಯಾನ್ ಮಾಡಿಸಬೇಕಾ ಎಂದು ಅಪ್ಪ ಕೇಳಿದ್ದಕ್ಕೆ ಈಗ ಬೇಡ ಎಂದು ಧೈರ್ಯವಾಗಿ ಹೇಳಲು ಸಾಧ್ಯವಾಗಿದ್ದು ಇದರಿಂದಲೇ.

ತಾಯಿಯ ಪ್ರಶ್ನೆ ಬೇರೆ ಇತ್ತು. ಎಲ್ಲರೂ ಹೊರಗೆ ಹೋಗುವವರೆಗೆ ಕಾದು ಕೇಳಿದಳು: ‘ಬಸುರಿ ಇದ್ದಾಗ ಗ್ರಹಣದ ದಿನ ಹೊರಗೆ ಹೋಗಿದ್ದೆ ಮೇಡಂ. ಅದಕ್ಕೇನಾದ್ರೂ...’ ಇಲ್ಲಮ್ಮ, ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ, ನೀನು ಮಾಡಿದ್ದರಿಂದ ಏನೂ ಆಗಿಲ್ಲ ಅಂದೆ. ನಂತರ ನನ್ನ ಮಾತನ್ನೂ ಹೇಳಿದೆ. ಜೂನ್‌ನಲ್ಲೇ ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ, ತಪ್ಪಾಯಿತು. ಆಕೆ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ‘ಈಗ ಏನ್ ಮಾಡಬೇಕ್ರಿ?’ ಎಂದಳು.

ತೆಗೆಯುವುದೋ, ಕಾಯುವುದೋ

ಎಲ್ಲ ಕ್ಯಾವರ್ನೋಮಕ್ಕೂ ಆಪರೇಷನ್ ಬೇಡ. ಯಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿದಾಗ ಕಂಡದ್ದು, ತೊಂದರೆ ಕೊಡದೆ ಇದ್ದದ್ದು, ಅದನ್ನು ಸುಮ್ನೆ ಮುಟ್ಟಬಾರದು. 2016ರಲ್ಲಿ ಹಲವು ದೇಶಗಳ 1620 ರೋಗಿಗಳ ಮಾಹಿತಿ ಸೇರಿಸಿ ಲೆಕ್ಕ ಹಾಕಿದ್ದರು. ಮೆದುಳುಕಾಂಡದ, ಅಂದರೆ ಮೆದುಳು ಬೆನ್ನುಹುರಿಗೆ ಸೇರುವ ಬುಡದ, ಹೊರಗಿದ್ದು, ರಕ್ತ ಕಾರದೇ ಪತ್ತೆಯಾದ ಕ್ಯಾವರ್ನೋಮಕ್ಕೆ ಮುಂದಿನ ಐದು ವರ್ಷದಲ್ಲಿ ರಕ್ತ ಕಾರುವ ಸಾಧ್ಯತೆ ನೂರಕ್ಕೆ 4ಕ್ಕಿಂತ ಕಡಿಮೆ. ರಕ್ತ ಕಾರಿಯೇ ಪತ್ತೆಯಾಗಿದ್ದರೆ ನೂರಕ್ಕೆ ಸುಮಾರು 18. ಮೆದುಳುಕಾಂಡದಲ್ಲಿದ್ದು ರಕ್ತ ಕಾರಿದ್ದರೆ ನೂರಕ್ಕೆ ಸುಮಾರು 31.

ನಮ್ಮ ಮಗು ನಡುವಿನ ಗುಂಪಿನದು. ಜೊತೆಗೆ ಫಿಟ್ಸ್ ಇದೆ. ಗೊಂಚಲು ಮೆದುಳಿನ ಮೇಲ್ಮೈಗೆ ಹತ್ತಿರ ಇದೆ, ಕೈ ಹಾಕಲು ಸಿಗುತ್ತದೆ. ಮುಂದೆ ಬಾಳಬೇಕಾದ ವರ್ಷಗಳು ಎಷ್ಟೋ. ಭಯ ಒಂದೇ: ಬಲಗೈಯನ್ನು ಆಡಿಸುವ ಮೆದುಳಿನ ಪಟ್ಟಿ ಗೊಂಚಲಿನ ಹಿಂದೆಯೇ ಇತ್ತು. ಬೆಂಗಳೂರಿನ ನರಶಸ್ತ್ರಚಿಕಿತ್ಸಕರಿಗೆ ಚಿತ್ರ ಕಳಿಸಿದೆ. ತೆಗೆಯೋಣ, ಆದರೆ ಇವತ್ತೇ ಅಲ್ಲ ಎಂದರು. ಮಗು ಚೇತರಿಸಿಕೊಳ್ಳುತ್ತಿದೆ. ಎರಡು ಮೂರು ವಾರ ಬಿಟ್ಟರೆ ಹೆಪ್ಪುಗಟ್ಟಿದ ರಕ್ತ ನೀರಾಗುತ್ತದೆ, ಗೊಂಚಲಿನ ಸುತ್ತ ಬಿಡಿಸಿಕೊಳ್ಳಲು ಜಾಗ ಸಿಗುತ್ತದೆ.

ಅಪ್ಪನಿಗೆ ಚಿತ್ರ ತೋರಿಸಿ ‘ಇದು ಅರಳಿದ ಜೋಳದಂತಿದೆ ನೋಡಪ್ಪ’ ಅಂದೆ. ಆತ ಬಹಳ ಹೊತ್ತು ನೋಡಿದ. ‘ಒಂದು ಕಾಳೂ ಬಿಡದಂಗೆ ತೆಗೀತಾರಾ ಮೇಡಂ?’ ಎಂದ. ಆಪರೇಷನ್ನಿನ ಗುಟ್ಟು ಅಷ್ಟೇ. ಒಂದು ಚೂರು ಉಳಿದರೂ ಅದು ಮತ್ತೆ ರಕ್ತ ಕಾರಬಹುದು.

ದುಡ್ಡಿನ ವಿಷಯ ಬೇಗ ಹೇಳುತ್ತೇನೆ. ಅವರದು ಬಿಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಇಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಜಿಲ್ಲಾ ಆಸ್ಪತ್ರೆಯಿಂದ ರೆಫರಲ್ ಪತ್ರ ತೆಗೆದುಕೊಂಡರು. ಬೆಂಗಳೂರಿಗೆ 260 ಕಿ.ಮೀ. ಓಡಾಟ, ಊಟ, ಕೂಲಿ ತಪ್ಪಿದ್ದು ಯಾವ ಯೋಜನೆಯಲ್ಲೂ ಬರುವುದಿಲ್ಲ. ಜೋಳ ಮಾರಿದ ದುಡ್ಡು ಅದಕ್ಕೆ ಹೋಯಿತು.

ಅಜ್ಜಿಗೆ ಮಾತ್ರ ಬೇರೆಯೇ ಚಿಂತೆ. ಮಗುವಿನ ಜವಳವನ್ನು ಐದು ವರ್ಷಕ್ಕೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗೆ ಕೊಡುತ್ತೇವೆ ಎಂದು ಹರಕೆ ಹೊತ್ತಿದ್ದರು. ಅಲ್ಲಿಯವರೆಗೆ ತಲೆಗೆ ಕತ್ತಿ ತಾಗಿಸುವಂತಿಲ್ಲ. ಇದನ್ನು ನಾನು ಸರ್ಜನ್‌ಗೆ ಫೋನಿನಲ್ಲಿ ಹೇಳಿದೆ. ಅವರು ನಗಲಿಲ್ಲ. ‘ಕೊಯ್ಯುವ ಗೆರೆಯಷ್ಟೇ ತೆಗೆಯುತ್ತೇನೆ, ಆ ಕೂದಲನ್ನು ಅಜ್ಜಿಗೇ ಕೊಡುತ್ತೇವೆ’ ಎಂದರು.

ಆಪರೇಷನ್ ಟೇಬಲ್

ಸರ್ಜನ್ ಅನುಮತಿ ಕೊಟ್ಟಿದ್ದರಿಂದ ನಾನೂ ಹೋಗಿ ನಿಂತಿದ್ದೆ. ಮೊದಲ ಒಂದೂವರೆ ಗಂಟೆ ಪೂರ್ತಿ ತಯಾರಿ. 13 ಕಿಲೋ ಮಗುವಿನ ಮೈಯಲ್ಲಿರುವ ರಕ್ತ ಒಂದು ಲೀಟರ್ ಅಷ್ಟೇ. ದೊಡ್ಡವರಿಗೆ ಲೆಕ್ಕಕ್ಕೇ ಬಾರದ 100 ಎಂ.ಎಲ್. ಇಲ್ಲಿ ಹತ್ತರಲ್ಲಿ ಒಂದು ಪಾಲು. ಹೊಂದಿಕೆ ನೋಡಿದ ರಕ್ತವನ್ನು ಕೋಣೆಯಲ್ಲೇ ಇಟ್ಟಿದ್ದರು. ನೆನೆದ ಪ್ರತಿ ಹತ್ತಿಯನ್ನೂ ನರ್ಸ್ ತೂಗಿ ಬರೆದುಕೊಳ್ಳುತ್ತಿದ್ದರು. ಮಕ್ಕಳ ಮೈ ಬೇಗ ತಣ್ಣಗಾಗುತ್ತದೆ. ಅದಕ್ಕೆ ಮೈಕೆಳಗೆ ಬಿಸಿಗಾಳಿಯ ಹಾಸಿಗೆ. ತಲೆಬುರುಡೆ ಇನ್ನೂ ತೆಳು, ಹಾಗಾಗಿ ತಲೆ ಹಿಡಿಯುವ ಪಿನ್‌ಗಳು ಸಣ್ಣವು, ಒತ್ತಡವೂ ಕಡಿಮೆ.

ಬಲಗೈ, ಬಲಗಾಲಿನ ಸ್ನಾಯುಗಳಿಗೆ ತೆಳು ತಂತಿ ಹಾಕಿದ್ದರು. ಮೆದುಳಿನಿಂದ ಕೈಗೆ ಹೋಗುವ ಸಂಕೇತ ಕಡಿಮೆಯಾದರೆ ತಕ್ಷಣ ತಿಳಿಯಲಿ ಎಂದು. ಅದಕ್ಕಾಗಿಯೇ ಉಸಿರಿನ ನಳಿಗೆ ಹಾಕಿದ ಮೇಲೆ ಸ್ನಾಯು ಸಡಿಲಿಸುವ ಮದ್ದನ್ನು ಮತ್ತೆ ಕೊಡಲಿಲ್ಲ.

ಪೊರೆ ತೆರೆದಾಗ ಸೂಕ್ಷ್ಮದರ್ಶಕದ ಪರದೆಯಲ್ಲಿ ಮೆದುಳು ಕಂಡಿತು. ತಿಳಿಗುಲಾಬಿ, ಮೇಲೆ ಹೊಳೆಯುವ ಸಣ್ಣ ನಾಳಗಳು. ಒಂದು ಕಡೆ ಮಾತ್ರ ಕಾಸಗಲ ಹಳದಿಗಂದು ಕಲೆ. ಕಬ್ಬಿಣದ ಬಾಣಲೆಯಲ್ಲಿ ರಾತ್ರಿಯೆಲ್ಲ ನೀರು ನಿಂತರೆ ಬೆಳಿಗ್ಗೆ ಕಾಣುವ ತುಕ್ಕಿನ ಬಣ್ಣ. ಎಂಆರ್‌ಐನಲ್ಲಿ ಕಪ್ಪಾಗಿ ಕಂಡಿದ್ದ ಅಂಚು ಇದೇ. ಆ ತುಕ್ಕನ್ನು ನೋಡುತ್ತ ನಿಂತಾಗ ನನಗೆ ಜೂನ್‌ನ ಫಿಲಂ ನೆನಪಾಯಿತು. ಆ ಕಬ್ಬಿಣದಲ್ಲಿ ಸ್ವಲ್ಪವಾದರೂ ಆಗಲೇ ಅಲ್ಲಿತ್ತು.

ಮೊದಲು ಕೈಯ ಪಟ್ಟಿ ಎಲ್ಲಿದೆ ಎಂದು ಸಂಕೇತ ನೋಡಿ ಗುರುತು ಮಾಡಿಕೊಂಡರು. ಆಮೇಲೆ ಮೆದುಳಿನ ಎರಡು ಮಡಿಕೆಗಳ ನಡುವಿನ ಸಂದಿ ಬಿಡಿಸಿ ಒಳಗೆ ಹೋದರು. ಮೊದಲು ಎಣ್ಣೆಯಂಥ ಕಂದು ದ್ರವ ಬಂತು, ನೀರಾದ ಹಳೇ ರಕ್ತ. ಅದನ್ನು ಹೀರಿದ ಮೇಲೆ ಗೊಂಚಲು ಕಂಡಿತು. ನೇರಳೆಗಪ್ಪು. ಬೈಪೋಲಾರ್ ಅನ್ನುವ ವಿದ್ಯುತ್ ಚಿಮಟದ ಬಿಸಿ ತಾಗಿದಾಗ ಅದು ಸ್ವಲ್ಪ ಸುಕ್ಕಾಗುತ್ತಿತ್ತು, ಅಷ್ಟರಲ್ಲಿ ಪಕ್ಕದಲ್ಲಿ ಒಂದು ಎಳೆ ಬಿಡಿಸುತ್ತಿದ್ದರು. ಸುತ್ತ ಸುತ್ತ ಇದೇ ಕೆಲಸ. ಅವಸರ ಇಲ್ಲ.

ಕೆಳಗಡೆ ಆ ಛತ್ರಿಯ ನಾಳ ಬಂತು. ಅದನ್ನು ಸುಟ್ಟರೆ ಗೊಂಚಲು ಬೇಗ ಹೊರಗೆ ಬರುತ್ತಿತ್ತು. ಆದರೆ ಒಳ್ಳೆಯ ಮೆದುಳಿನ ರಕ್ತ ಹೊರಗೆ ಹೋಗುವ ದಾರಿ ಅದು. ಅದು ಮುಚ್ಚಿದರೆ ಆ ಭಾಗ ಊದಿ ಕೆಡುತ್ತದೆ. ಅದನ್ನು ಉಳಿಸಿಕೊಂಡು ಅದಕ್ಕೆ ಅಂಟಿದ ಕೊನೆಯ ಚೂರನ್ನು ಬಿಡಿಸಲು ನಲವತ್ತು ನಿಮಿಷ ಹಿಡಿಯಿತು. ಗೊಂಚಲು ಬಂದ ಮೇಲೆ ತುಕ್ಕು ಹಿಡಿದ ಮೆದುಳನ್ನೂ ಮುಂಭಾಗದಲ್ಲಿ ತೆಳುವಾಗಿ ತೆಗೆದರು, ಫಿಟ್ಸ್‌ನ ಬೇರು ಹೆಚ್ಚಾಗಿ ಅಲ್ಲೇ ಇರುತ್ತದೆ. ಹಿಂಭಾಗದಲ್ಲಿ, ಕೈಯ ಪಟ್ಟಿಯ ಕಡೆ, ಸಂಕೇತ ಸ್ವಲ್ಪ ಇಳಿದ ಕೂಡಲೇ ಕೈ ನಿಲ್ಲಿಸಿದರು. ಅಲ್ಲಿಯ ಕಲೆ ಹಾಗೇ ಉಳಿಯಿತು. ಉಳಿಸಿದ್ದು ಸರಿ ಎಂದೇ ನನ್ನ ಅನಿಸಿಕೆ. ಹೋದ ರಕ್ತ ಒಟ್ಟು 60 ಎಂ.ಎಲ್. ಮೇಲಿಂದ ರಕ್ತ ಕೊಡಬೇಕಾಗಲಿಲ್ಲ.

ಕಾಗದದಲ್ಲಿ ಮಡಚಿದ ಕೂದಲನ್ನು ನರ್ಸ್ ಹೊರಗೆ ಹೋಗಿ ಅಜ್ಜಿಯ ಕೈಗೆ ಕೊಟ್ಟರು. ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿದರು.

ಆಮೇಲೆ

ಎಚ್ಚರವಾದಾಗ ಮಗು ‘ಅಮ್ಮ’ ಅಂತು. ಬಲಗೈ ಮಾತ್ರ ಮೊದಲಿಗಿಂತ ಜಾಸ್ತಿ ಸೋತಿತ್ತು. ಹೀಗಾಗಬಹುದು ಎಂದು ಮೊದಲೇ ಹೇಳಿದ್ದರೂ ತಾಯಿ ಆ ಎರಡು ದಿನ ಊಟ ಮಾಡಲಿಲ್ಲ. ಮೂರನೇ ದಿನ ಬೆರಳುಗಳು ಅಲುಗಿದವು. ಹತ್ತನೇ ದಿನ ಊರಿಗೆ ಹೋಗುವಾಗ ಕೈ ಭುಜದವರೆಗೆ ಏಳುತ್ತಿತ್ತು, ಹಿಡಿತ ಇರಲಿಲ್ಲ. ಅದಕ್ಕೆ ಫಿಸಿಯೋಥೆರಪಿಯವರು ಹೇಳಿಕೊಟ್ಟ ಆಟವನ್ನು ಅಪ್ಪ ತನ್ನದೇ ರೀತಿಯಲ್ಲಿ ಮಾಡಿದ. ಒಂದು ತಟ್ಟೆಯಲ್ಲಿ ಮೆಕ್ಕೆಜೋಳದ ಕಾಳು, ಪಕ್ಕದಲ್ಲಿ ಖಾಲಿ ಡಬ್ಬಿ. ಬಲಗೈ ಬೆರಳಲ್ಲಿ ಒಂದೊಂದೇ ಕಾಳು ಎತ್ತಿ ಡಬ್ಬಿಗೆ ಹಾಕಬೇಕು. ಮೊದಲ ವಾರ ಐದು ಕಾಳಿಗೆ ಮಗು ಅಳುತ್ತಿತ್ತು. ಎರಡು ತಿಂಗಳಿಗೆ ಡಬ್ಬಿ ತುಂಬುತ್ತಿತ್ತು.

ಗೊಂಚಲಿನ ಪರೀಕ್ಷೆಯ ವರದಿಯೂ ಅದನ್ನೇ ಹೇಳಿತು: ತೆಳು ಗೋಡೆಯ ನಾಳಗಳು, ನಡುವೆ ಮೆದುಳಿಲ್ಲ, ಸುತ್ತ ಹಳೇ ರಕ್ತದ ಕಬ್ಬಿಣ. ಹುಳುವಿನ ಗುರುತಿಲ್ಲ, ಗಡ್ಡೆಯಲ್ಲ. ಮೂರು ತಿಂಗಳ ಎಂಆರ್‌ಐನಲ್ಲಿ ಗೊಂಚಲಿನ ಚೂರೂ ಉಳಿದಿರಲಿಲ್ಲ. ಹಿಂಭಾಗದ ತೆಳು ಕಪ್ಪು ಗೆರೆ ಇದೆ, ಅದು ಇರುತ್ತದೆ. ಈ ಸಲ ಸ್ಕ್ಯಾನಿನ ದಿನಕ್ಕೆ ನಾನೇ ಎರಡು ಸಲ ಫೋನ್ ಮಾಡಿದ್ದೆ.

ಲೆವೆಟಿರಾಸಿಟಮ್‌ನಿಂದ ಮಗುವಿಗೆ ಸಿಡುಕು ಬಂದಿತ್ತು. ತಟ್ಟೆ ಎಸೆಯುವುದು, ತಮ್ಮನಿಗೆ ಹೊಡೆಯುವುದು. ತಾಯಿ ಇದು ಆಪರೇಷನ್ನಿಂದ ಅಂದುಕೊಂಡು ಹೇಳದೆ ಸುಮ್ಮನಿದ್ದಳು. ಔಷಧಿಯಿಂದ ಹೀಗಾಗುತ್ತದೆ ಎಂದು ತಿಳಿದ ಮೇಲೆ ಎಷ್ಟು ಹಗುರಾದಳೋ. ಡೋಸ್ ಸ್ವಲ್ಪ ಇಳಿಸಿದೆವು. ಫಿಟ್ಸ್ ಮತ್ತೆ ಬರಲಿಲ್ಲ. ಒಂದು ವರ್ಷ ತುಂಬಿದ ಮೇಲೆ ಹಂತ ಹಂತವಾಗಿ ನಿಲ್ಲಿಸಲು ಶುರು ಮಾಡಿದ್ದೇವೆ.

ಈಗ ನನ್ನ ಮೇಜಿನ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿದ್ದೇನೆ. ಒಂಟಿ ಚುಕ್ಕೆ, ಊತ ಇಲ್ಲ ಅಂದರೆ ಎಸ್‌ಡಬ್ಲ್ಯುಐ ಕೇಳು ಎಂದು ಅದರಲ್ಲಿದೆ. ಅದರ ಕೆಳಗೆ, ಮೂರು ತಿಂಗಳ ಸ್ಕ್ಯಾನಿಗೆ ಬಾರದ ಮಕ್ಕಳ ಫೋನ್ ನಂಬರುಗಳ ಪಟ್ಟಿ. ಅದನ್ನು ಪ್ರತಿ ಶನಿವಾರ ನೋಡುತ್ತೇವೆ.

ಮಗುವಿಗೆ ಐದು ತುಂಬಿದ ಮಾರ್ಚ್‌ನಲ್ಲಿ, ನಾಯಕನಹಟ್ಟಿ ಜಾತ್ರೆಗೆ ನಾಲ್ಕು ದಿನ ಇರುವಾಗ ಅಜ್ಜಿ ಬಂದರು. ಗಾಯದ ಗೆರೆಯ ಮೇಲೆ ಕತ್ತಿ ಆಡಿಸಬಹುದಾ ಎಂದು ಕೇಳಲು. ಕೂದಲು ಸರಿಸಿ ನೋಡಿದೆ. ಗೆರೆ ಬೆಳ್ಳಗೆ ಒಣಗಿ ಚರ್ಮದ ಸಮಕ್ಕೆ ಕೂತಿತ್ತು. ಆಡಿಸಬಹುದು, ಹೊಸ ಬ್ಲೇಡು ಹಾಕಲು ಹೇಳಿ ಅಂದೆ. ಅಜ್ಜಿ ಸೆರಗಿನಿಂದ ಸಣ್ಣ ಕಾಗದದ ಪೊಟ್ಟಣ ತೆಗೆದು ತೋರಿಸಿದರು. ಆವತ್ತಿನ ಕೂದಲು. ಅದನ್ನೂ ಸೇರಿಸಿ ಕೊಡುತ್ತಾರಂತೆ. ಮಗು ಅಷ್ಟರಲ್ಲಿ ನನ್ನ ಮೇಜಿನ ಮೇಲಿದ್ದ ಪೆನ್ನು ತೆಗೆದು, ಚೀಟಿಯ ಹಿಂದೆ ಏನೋ ಗೀಚುತ್ತಿತ್ತು, ಬಲಗೈಯಲ್ಲಿ.